ಡೇಟಾಗ್ರಿಡ್‌ವ್ಯೂನಲ್ಲಿ ಎಂಟರ್ ಒತ್ತಿದರೆ ಪಕ್ಕದ ಸೆಲ್‌ಗೆ ಹೋಗುವಂತೆ ಮಾಡುವುದು ಹೇಗೆ?

ಪ್ರಶ್ನೆ: ತಂತ್ರಾಂಶದ ಕಿಟಕಿಗಳನ್ನು ರೂಪಿಸುವ ವಿಂಡೋಸ್ ಫಾರ್ಮ್ಸ್‌ನಲ್ಲಿ ಬಿಲ್ ನಮೂದಿಸುವ ತಂತ್ರಾಂಶ ಬರೆಯುತ್ತಿದ್ದೇನೆ. ಅದರ ಡೇಟಾಗ್ರಿಡ್‌ವ್ಯೂ ಎಂಬ ಕೋಷ್ಟಕದಲ್ಲಿ (ಗ್ರಿಡ್) ಎಂಟರ್ ಒತ್ತಿದರೆ ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ. ನನಗೆ ಅದು ಬಲಗಡೆಯ ಸೆಲ್‌ಗೆ ಹೋಗಬೇಕು. ಕೀಲಿ ಒತ್ತಿದಾಗ ಚಾಲನೆಯಾಗುವ ಕೀಡೌನ್ ಈವೆಂಟ್‌ನಲ್ಲಿ ಬರೆದ ಕೋಡ್ ಕೆಲವೊಮ್ಮೆ ಮಾತ್ರ ಕೆಲಸ ಮಾಡುತ್ತಿದೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ನೀವು ಬರೆದಿರುವ ‘ಕೆಲವೊಮ್ಮೆ’ ಎಂಬ ಮಾತಿನಲ್ಲೇ ಕಾರಣವಿದೆ. ಸೆಲ್ ತಿದ್ದುತ್ತಿರುವಾಗ ಫೋಕಸ್ (ಒತ್ತಿದ ಕೀಲಿ ತಲುಪುವ ಜಾಗ) ಇರುವುದು ಗ್ರಿಡ್‌ನ ಮೇಲಲ್ಲ, ಆ ಸೆಲ್‌ನ ಜಾಗದಲ್ಲಿ ತಾತ್ಕಾಲಿಕವಾಗಿ ಬಂದು ಕೂರುವ ಟೆಕ್ಸ್ಟ್‌ಬಾಕ್ಸ್‌ನ ಮೇಲೆ. ಹಾಗಾಗಿ ಆಗ ಒತ್ತಿದ ಎಂಟರ್ ಗ್ರಿಡ್‌ನ ಕೀಡೌನ್‌ವರೆಗೆ ಬರುವುದೇ ಇಲ್ಲ. ಡೇಟಾಗ್ರಿಡ್‌ವ್ಯೂನಿಂದ ನಿಮ್ಮದೇ ಒಂದು ಕ್ಲಾಸ್ ಮಾಡಿಕೊಂಡು, ಅದರಲ್ಲಿ ಎರಡು ಮೆಥಡ್‌ಗಳನ್ನು ಓವರ್‌ರೈಡ್ ಮಾಡಿ (ಅಂದರೆ ನಿಮ್ಮ ಕೋಡ್‌ನಿಂದ ಬದಲಿಸಿ): ತಿದ್ದುವ ಸ್ಥಿತಿಗೆ ಪ್ರೊಸೆಸ್‌ಡೈಲಾಗ್‌ಕೀ, ಉಳಿದ ಸಮಯಕ್ಕೆ ಪ್ರೊಸೆಸ್‌ಡೇಟಾಗ್ರಿಡ್‌ವ್ಯೂಕೀ. ನಾನು ಮೊದಲು ಒಂದನ್ನಷ್ಟೇ ಬರೆದು ಒಂದು ದಿನವಿಡೀ ಕಳೆದಿದ್ದೇನೆ, ಆದ್ದರಿಂದ ಎರಡೂ ಬೇಕೆಂದು ಒತ್ತಿ ಹೇಳುತ್ತಿದ್ದೇನೆ. ಎರಡರಲ್ಲೂ ಎಂಟರ್ ಬಂದಾಗ, ಟ್ಯಾಬ್ ಒತ್ತಿದಂತೆ ಮುಂದೆ ಸರಿಸುವ ಪ್ರೊಸೆಸ್‌ಟ್ಯಾಬ್‌ಕೀಯನ್ನು ಕರೆದರೆ ಸಾಲಿನ ಕೊನೆಯ ಸೆಲ್‌ನಿಂದ ಮುಂದಿನ ಸಾಲಿನ ಮೊದಲ ಸೆಲ್‌ಗೂ ತಾನಾಗಿಯೇ ಹೋಗುತ್ತದೆ.

ಆದರೆ ಬಿಲ್‌ನಲ್ಲಿ ‘ಮೊತ್ತ’ದಂತಹ ರೀಡ್‌ಓನ್ಲಿ (ಓದಲು ಮಾತ್ರ, ತಿದ್ದಲಾಗದ) ಕಾಲಂ ಇದ್ದೇ ಇರುತ್ತದೆ, ಟ್ಯಾಬ್ ಅಲ್ಲಿಯೂ ನಿಲ್ಲುತ್ತದೆ. ಅದನ್ನು ದಾಟಿಸಲು ಕಾಲಮ್ಸ್‌ನ ಗೆಟ್‌ನೆಕ್ಸ್ಟ್‌ಕಾಲಂ ಮೆಥಡ್‌ಗೆ ‘ಕಾಣುವಂಥದ್ದು ಇರಲಿ, ರೀಡ್‌ಓನ್ಲಿ ಬೇಡ’ ಎಂಬ ಎರಡು ಫಿಲ್ಟರ್ ಕೊಟ್ಟು, ಸಿಕ್ಕ ಕಾಲಂನ ಸೆಲ್ ಅನ್ನು ಕರೆಂಟ್‌ಸೆಲ್ ಮಾಡಿ. ಬಳಕೆದಾರರು ಕಾಲಂಗಳನ್ನು ಎಳೆದು ಸ್ಥಳ ಬದಲಿಸಿದ್ದರೂ ಈ ಮೆಥಡ್ ಪರದೆಯ ಮೇಲಿನ ಕ್ರಮವನ್ನೇ ಅನುಸರಿಸುತ್ತದೆ. ಕಾಲಂನ ಇಂಡೆಕ್ಸ್‌ಗೆ (ಕ್ರಮಸಂಖ್ಯೆಗೆ) ಒಂದು ಕೂಡಿಸುವ ಕೋಡ್‌ಗೆ ಆ ತಿಳಿವಳಿಕೆ ಇಲ್ಲ. ಈ ಕೆಲಸವನ್ನು ತಿದ್ದುವುದು ಮುಗಿದಾಗ ಬರುವ ಸೆಲ್‌ಎಂಡ್‌ಎಡಿಟ್ ಈವೆಂಟ್‌ನೊಳಗೆ ಮಾಡಲೇಬೇಡಿ. ಬಳಕೆದಾರರು ಮೌಸ್‌ನಿಂದ ಬೇರೆ ಸೆಲ್ ಕ್ಲಿಕ್ ಮಾಡಿದ ಹೊತ್ತಿನಲ್ಲಿ ಗ್ರಿಡ್ ಆಗಲೇ ಅತ್ತ ಸರಿಯುತ್ತಿರುತ್ತದೆ, ನಡುವೆ ನೀವೂ ಸರಿಸಿದರೆ ರೀಎಂಟ್ರಂಟ್ ಕರೆ (ಮುಗಿಯದ ಕೆಲಸವನ್ನು ಮತ್ತೆ ಕರೆದದ್ದು) ಎಂದು ಹೇಳುವ ಎಕ್ಸೆಪ್ಶನ್ (ದೋಷ) ಬಂದು ನಿಲ್ಲುತ್ತದೆ.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದು ಸರಿಯಾಗಿದೆ. ನಮೂದಿನ ಗ್ರಿಡ್ ಆದ್ದರಿಂದ ಉಳಿಸುವ ವಿಷಯವನ್ನೂ ಸೇರಿಸುತ್ತೇನೆ. ಟೂಲ್‌ಸ್ಟ್ರಿಪ್‌ನಲ್ಲಿರುವ ಸೇವ್ ಬಟನ್ ಒತ್ತಿದಾಗ ಫೋಕಸ್ ಗ್ರಿಡ್ ಬಿಟ್ಟು ಹೋಗುವುದಿಲ್ಲವಾದ್ದರಿಂದ, ಕೊನೆಯದಾಗಿ ಟೈಪ್ ಮಾಡಿದ ಬೆಲೆ ಪರದೆಯ ಮೇಲಿದ್ದರೂ ಡೇಟಾಬೇಸ್‌ಗೆ ಹೋಗದೆ ಉಳಿಯಬಹುದು. ಅಪ್‌ಡೇಟ್ ಮಾಡುವ ಮೊದಲು ಫಾರ್ಮ್‌ನ ವ್ಯಾಲಿಡೇಟ್, ಅನಂತರ ಗ್ರಿಡ್ ಅನ್ನು ದತ್ತಾಂಶದೊಂದಿಗೆ ಜೋಡಿಸುವ ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್, ಇದೇ ಕ್ರಮದಲ್ಲಿ ಕರೆಯಿರಿ. ಚೆಕ್‌ಬಾಕ್ಸ್ ಕಾಲಂ ಇದ್ದರೆ, ಟಿಕ್ ಮಾಡಿದ ಕೂಡಲೇ ಒಟ್ಟು ಮೊತ್ತ ಬದಲಾಗಲು ಕರೆಂಟ್‌ಸೆಲ್‌ಡರ್ಟಿಸ್ಟೇಟ್‌ಚೇಂಜ್ಡ್ ಈವೆಂಟ್‌ನಲ್ಲಿ, ತಿದ್ದಿದ್ದನ್ನು ಆಗಲೇ ದಾಖಲಿಸುವ ಕಮಿಟ್‌ಎಡಿಟ್ ಕರೆಯಬೇಕು. ಇಲ್ಲವಾದರೆ ಸೆಲ್ ಬಿಟ್ಟು ಹೊರಬರುವವರೆಗೂ ಹಳೆಯ ಮೊತ್ತವೇ ಕಾಣುತ್ತಿರುತ್ತದೆ.