ತಾಮ್ರದ ಪೈಪಿಗೆ ಮೂರು ಸಲ ಬೆಸುಗೆ ಹಾಕಿದರೂ ಅದೇ ಜಾಗದಲ್ಲಿ ಸೋರುತ್ತಿದೆ

ಪ್ರಶ್ನೆ (ರೆಡಿಂಗ್, ಇಂಗ್ಲೆಂಡ್): ನಮಸ್ಕಾರ ಸರ್. ನಮ್ಮದು 1985ರ ಆಸುಪಾಸಿನ ಮನೆ. ಸಿಂಕ್ ಕೆಳಗಿನ ತಣ್ಣೀರು ಪೈಪಿಗೆ ಟೀ (ಮೂರು ಬಾಯಿಯ T ಆಕಾರದ ಜೋಡಣೆ) ಹಾಕಿ ವಾಷಿಂಗ್ ಮಷಿನ್‌ಗೆ ಲೈನ್ ಕೊಡಬೇಕಿತ್ತು. ಪ್ಲಂಬರ್ ಕೇಳಿದ ದುಡ್ಡು ನೋಡಿ ನಾನೇ ಕೂತೆ. 15 ಎಂಎಂ ಎಂಡ್ ಫೀಡ್ ಟೀ (ಸಂದಿಗೆ ಹೊರಗಿನಿಂದ ಬೆಸುಗೆ ಲೋಹ ಕೊಡಬೇಕಾದ್ದು) ತಂದೆ. ಎರಡು ಬಾಯಿ ಸಲೀಸಾಗಿ ಬೆಸೆದವು. ಸ್ಟಾಪ್‌ಕಾಕ್ (ಮನೆಗೆ ಬರುವ ನೀರು ನಿಲ್ಲಿಸುವ ವಾಲ್ವ್) ಕಡೆಯ ಬಾಯಿ ಮಾತ್ರ ಹಿಡಿಯುತ್ತಿಲ್ಲ. ಸಾಲ್ಡರ್ (ಬೆಸುಗೆ ತಂತಿ) ಗುಂಡುಗುಂಡಾಗಿ ನೆಲಕ್ಕೆ ಉದುರುತ್ತದೆ, ಫ್ಲಕ್ಸ್ (ಸಾಲ್ಡರ್ ಹಿಡಿಯಲೆಂದು ಸವರುವ ಪೇಸ್ಟ್) ಕಪ್ಪಾಗುತ್ತದೆ. ಫಿಟಿಂಗೇ ತಪ್ಪಾ?

ಪ್ಲಂಬರ್: ಫಿಟಿಂಗ್ ಸರಿಯಾಗಿಯೇ ಇದೆ. ಎರಡು ಬಾಯಿ ಹಿಡಿದಿದೆ ಅಂದರೆ ನಿಮ್ಮ ಕೈಯೂ ಸರಿಯಿದೆ. ಒಂದು ಕೇಳ್ತೀನಿ, ಸ್ಟಾಪ್‌ಕಾಕ್ ಪೂರ್ತಿ ಮುಚ್ಚುತ್ತಾ? ಹಳೇದು ಎಷ್ಟೋ ಸಲ ಮುಚ್ಚಿದ ಹಾಗೆ ಕಾಣುತ್ತದೆ, ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಪೈಪೊಳಗೆ ನೀರಿದ್ದರೆ ಅದೆಲ್ಲ ಆವಿಯಾಗುವವರೆಗೆ ಆ ಜಾಗ 100 ಡಿಗ್ರಿ ದಾಟುವುದೇ ಕಷ್ಟ. ಸೀಸವಿಲ್ಲದ ಸಾಲ್ಡರ್ ಕರಗಲು ಸುಮಾರು 227 ಬೇಕು. ಪೈಪ್ ಕಾಯಲಿಲ್ಲ, ನೀವು ಸಾಲ್ಡರನ್ನೇ ಬೆಂಕಿಗೆ ಹಿಡಿದಿರಿ. ಅದಕ್ಕೇ ಗುಂಡು ಬಿದ್ದದ್ದು.

ಊರಲ್ಲಿ ಕಲಾಯಿ ಹಾಕುವವರನ್ನು ನೋಡಿದ್ದೀರಲ್ವಾ? ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಬಟ್ಟೆಯಲ್ಲಿ ಒರೆಸುತ್ತಾರೆ. ತವರ ಕರಗುವುದು ಪಾತ್ರೆಯ ಬಿಸಿಗೆ. ಇದೂ ಹಾಗೇ. ನವಸಾಗರದ ಕೆಲಸ ಇಲ್ಲಿ ಫ್ಲಕ್ಸ್ ಮಾಡುತ್ತದೆ, ಸಾಲ್ಡರ್‌ನಲ್ಲಿರುವುದೂ ಬಹುಪಾಲು ತವರವೇ.

ಈಗ ಆ ಕರಿ ಹತ್ತಿದ ಟೀ ಬಿಸಾಡಿ. ಸುಟ್ಟ ಫ್ಲಕ್ಸ್ ಮೇಲೆ ಸಾಲ್ಡರ್ ಅಂಟಲ್ಲ, ಒಂದು ಟೀ ಉಳಿಸಲು ಹೋಗಿ ಭಾನುವಾರ ಕಳೆಯಬೇಡಿ. ಕೆಳಗಿನ ನಲ್ಲಿ ತೆರೆದು ನೀರು ಇಳಿಸಿ. ಪೈಪಿನ ತುದಿ ಮತ್ತು ಟೀ ಬಾಯಿಯ ಒಳಗೆ ವೈರ್ ವೂಲ್‌ನಿಂದ ಹೊಸ ತಾಮ್ರದ ಹೊಳಪು ಬರುವವರೆಗೆ ಉಜ್ಜಿ. ಕತ್ತರಿಸಿದ ಅಂಚಿನ ಒಳಗಿನ ಮುಳ್ಳು ಕೆರೆದು ತೆಗೆಯಿರಿ. ಉಜ್ಜಿದ ಮೇಲೆ ಬೆರಳು ಮುಟ್ಟಿಸಬೇಡಿ, ಕೈಯ ಜಿಡ್ಡು ಸಾಕು ಕೆಡಿಸಲು. ಫ್ಲಕ್ಸ್ ತೆಳ್ಳಗೆ ಸವರಿ. ಜಾಸ್ತಿಯಾದರೆ ಒಳಗೇ ಉಳಿದು ತಾಮ್ರ ತಿನ್ನುತ್ತದೆ.

ಜ್ವಾಲೆ ಫಿಟಿಂಗ್ ಮೇಲಿರಲಿ. ಸಾಲ್ಡರ್ ತುದಿಯನ್ನು ಜ್ವಾಲೆಯ ಎದುರು ಬದಿಯಲ್ಲಿ, ಸಂದಿಗೆ ಮುಟ್ಟಿಸಿ ನೋಡುತ್ತಿರಿ. ಕರಗಿದ ಕ್ಷಣ ಬೆಂಕಿ ಸರಿಸಿ. ಆಮೇಲೆ ಅದೇ ಒಳಗೆ ಎಳೆದುಕೊಳ್ಳುತ್ತದೆ, ಮೇಲ್ಮುಖವಾಗಿದ್ದರೂ ಏರುತ್ತದೆ. 15 ಎಂಎಂ ಪೈಪಿಗೆ ಸುಮಾರು 15 ಎಂಎಂ ಉದ್ದದ ಸಾಲ್ಡರ್ ಸಾಕು. ಸುತ್ತ ಬೆಳ್ಳಿಯಂಥ ಒಂದು ಉಂಗುರ ಕಾಣಿಸಿದರೆ ಮುಗಿಯಿತು. ಗಟ್ಟಿಯಾಗುವವರೆಗೆ ಅಲ್ಲಾಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಫ್ಲಕ್ಸ್ ಒರೆಸಿ. ಹಿಂದೆ ಮರದ ಹಲಗೆ ಇದ್ದರೆ ಹೀಟ್ ಮ್ಯಾಟ್ (ಬೆಂಕಿ ತಡೆಯುವ ಹಾಸು) ಇಡಲೇಬೇಕು. ಕೆಲಸ ಮುಗಿಸಿ ಒಂದು ಗಂಟೆಯಾದ ಮೇಲೆ ಮತ್ತೆ ಹೋಗಿ ನೋಡಿ, ಮರ ಒಳಗೊಳಗೇ ಕಮರುತ್ತಿರುತ್ತದೆ.

ಹಳೇ ಡಬ್ಬಿಯಲ್ಲಿ 60/40 ಸಾಲ್ಡರ್ ಇದ್ದರೆ ಕುಡಿಯುವ ನೀರಿನ ಲೈನಿಗೆ ಬೇಡ. ಅದರಲ್ಲಿ ಸೀಸ ಇದೆ. ಇಲ್ಲಿ ಇಂಗ್ಲೆಂಡಿನಲ್ಲಿ 1987ರಿಂದ ನಿಷೇಧ.

ಪ್ರಶ್ನೆ (ಅವರೇ): ಸರ್, ನಿಜ! ಪೈಪ್ ಬಿಚ್ಚಿ ಟಿಶ್ಯೂ ಹಿಡಿದೆ. ಅರ್ಧ ನಿಮಿಷಕ್ಕೊಂದು ಹನಿ ಬೀಳುತ್ತಿದೆ. ಬ್ರೆಡ್ ತುರುಕಿದರೆ ಆಗುತ್ತೆ ಅಂತಾರಲ್ಲ?

ಪ್ಲಂಬರ್: ಆಗುತ್ತೆ, ನಾನೂ ಮಾಡಿದ್ದೀನಿ. ಅಂಚು ತೆಗೆದ ಬಿಳಿ ಬ್ರೆಡ್ ಉಂಡೆ ಮಾಡಿ ತುರುಕಿ, ಬೇಗ ಬೆಸೆಯಬೇಕು. ಆಮೇಲೆ ನಲ್ಲಿಯ ಜಾಲರಿ ಬಿಚ್ಚಿಟ್ಟು ನೀರು ಬಿಡಿ, ಇಲ್ಲದಿದ್ದರೆ ಬ್ರೆಡ್ಡೆಲ್ಲ ಅಲ್ಲಿ ಕೂರುತ್ತದೆ. ಆದರೆ ಸಿಂಕ್ ಕೆಳಗೆ ಕೈ ಹೋಗುತ್ತದಲ್ಲ, ನಾನಾಗಿದ್ದರೆ ಕಂಪ್ರೆಷನ್ ಟೀ (ಬೆಸುಗೆ ಇಲ್ಲದೆ ನಟ್ ಬಿಗಿದು ಕೂರಿಸುವುದು) ಹಾಕುತ್ತಿದ್ದೆ. ಬೆಂಕಿಯೇ ಬೇಡ. ನಟ್ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಹೆಚ್ಚುಕಡಿಮೆ ಒಂದು ಸುತ್ತು. ಎರಡು ಸ್ಪ್ಯಾನರ್ ಬೇಕು, ಒಂದು ಫಿಟಿಂಗ್ ಹಿಡಿಯಲು. ಗೋಡೆಯೊಳಗೆ ಮುಚ್ಚಿಹೋಗುವ ಜಾಗಕ್ಕೆ ಮಾತ್ರ ಬೆಸುಗೆಯೇ ಇರಲಿ.

ಪ್ರಶ್ನೆ (ಇನ್ನೊಬ್ಬರು, ಲೀಡ್ಸ್): ಅಣ್ಣ, ನಮ್ಮದು 1950ರ ಮನೆ. ಪೈಪ್ ಅರ್ಧ ಇಂಚು ಅಂತೆ. 15 ಎಂಎಂ ಕೂರುತ್ತಾ? ಬಾಯ್ಲರ್‌ಗೆ ಹೋಗುವ ಗ್ಯಾಸ್ ಪೈಪ್ ಕೂಡ ಸ್ವಲ್ಪ ಸರಿಸಬೇಕಿತ್ತು.

ಪ್ಲಂಬರ್: ಅರ್ಧ ಇಂಚಿನದಕ್ಕೆ 15ರ ಕಂಪ್ರೆಷನ್ ನೇರವಾಗಿ ಹಿಡಿಯುತ್ತದೆ. ಮುಕ್ಕಾಲು ಇಂಚಿಗೆ 22 ಎಂಎಂ ಹಾಗೇ ಹಾಕಬೇಡಿ, ಅಡಾಪ್ಟರ್ ಸಿಗುತ್ತದೆ. ಗ್ಯಾಸ್ ಪೈಪ್ ಮುಟ್ಟಲೇಬೇಡಿ ತಮ್ಮಾ. ಅದೂ ತಾಮ್ರವೇ, ಆದರೆ ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನೇ ಕರೆಯಿರಿ.

ಪ್ರಶ್ನೆ (ಬೆಂಗಳೂರು): ಸರ್, ಎಸಿಯ ತಾಮ್ರದ ಪೈಪಿಗೂ ಇದೇ ಸಾಲ್ಡರ್ ಸಾಕಾ? ಸೋಲಾರ್‌ನಿಂದ ಬರುವ ತಾಮ್ರದ ಲೈನನ್ನು ಕೆಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಜೋಡಿಸಬಹುದಾ?

ಪ್ಲಂಬರ್: ಎಸಿಗೆ ಸಾಲದು. ಅಲ್ಲಿ ಒತ್ತಡ ಜಾಸ್ತಿ, ಬ್ರೇಜಿಂಗ್ (ಹೆಚ್ಚು ಬಿಸಿಯಲ್ಲಿ ಮಾಡುವ ಗಟ್ಟಿ ಬೆಸುಗೆ) ಮಾಡುತ್ತಾರೆ. ಒಳಗೆ ಕರಿ ಪದರ ಹಿಡಿಯದಿರಲಿ ಅಂತ ನೈಟ್ರೋಜನ್ ಬಿಡುತ್ತಾರೆ. ಸೋಲಾರ್ ವಿಷಯಕ್ಕೆ ಬಂದರೆ, ತಾಮ್ರದ ಮುಂದೆ ಜಿಐ ಬೇಡ. ತಾಮ್ರ ತಾಗಿ ಬಂದ ನೀರು ಜಿಐ ಒಳಗಿನ ಸತುವನ್ನು ತಿನ್ನುತ್ತದೆ, ಬಿಸಿನೀರಾದರೆ ಇನ್ನೂ ಬೇಗ. ಕೆಳಗಿನ ಲೈನ್ ಸಿಪಿವಿಸಿಗೆ (ಬಿಸಿನೀರಿನ ಪ್ಲಾಸ್ಟಿಕ್ ಪೈಪ್) ಬದಲಾಯಿಸಿ.

ಪ್ರಶ್ನೆ (ರೆಡಿಂಗ್): ಕಂಪ್ರೆಷನ್ ಹಾಕಿದೆ ಸರ್. ಎರಡು ಗಂಟೆಯಾಯಿತು, ಒಣಗೇ ಇದೆ!

ಪ್ಲಂಬರ್: ಸಂತೋಷ. ರಾತ್ರಿ ಕೆಳಗೆ ಒಂದು ಪೇಪರ್ ಹಾಸಿಡಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ನಟ್ ಕಾಲು ಸುತ್ತು ತಿರುಗಿಸಿ, ಅಷ್ಟೇ. ಆ ಸ್ಟಾಪ್‌ಕಾಕ್‌ನ ವಾಷರ್ ಕೂಡ ಬದಲಾಯಿಸಿಬಿಡಿ.