ಪದಚರ್ಚೆ: ‘ಮೇಜರ್ ಸ್ಕೇಲ್’ಗೆ ಏನನ್ನೋಣ? ಗುರುವಾರದೊಳಗೆ ಬೇಕು

ಮೈಸೂರಿನಿಂದ, ಮಂಗಳವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದ ಶಾಲೆಯೊಂದರ ಸಂಗೀತದ ಕೋಣೆಗೆ ಗೋಡೆಪಟ ಬರೆದುಕೊಡುತ್ತಿದ್ದೇನೆ. ಮಕ್ಕಳು ಕಲಿಯುತ್ತಿರುವುದು ಕೀಬೋರ್ಡು. ಗುರುವಾರ ಸಂಜೆ ಫ್ಲೆಕ್ಸ್ ಅಚ್ಚಿಗೆ ಹೋಗಬೇಕು. ಮುಖ್ಯವಾದ ವಾಕ್ಯ ಒಂದೇ, ಅದರಲ್ಲೇ ಮೂರು ಕಡೆ ಸಿಕ್ಕಿಕೊಂಡಿದ್ದೇನೆ:

“ಯಾವ ಸ್ವರದಿಂದ ಹೊರಟರೂ ಟೋನ್, ಟೋನ್, ಸೆಮಿಟೋನ್, ಟೋನ್, ಟೋನ್, ಟೋನ್, ಸೆಮಿಟೋನ್ ಎಂದು ಏರುತ್ತ ಹೋದರೆ ಸಿಗುವುದು ಮೇಜರ್ ಸ್ಕೇಲ್.”

ಟೋನ್ ಎಂದರೆ ಸ್ವರದಿಂದ ಸ್ವರಕ್ಕೆ ಏರುವ ಪೂರಾ ಹೆಜ್ಜೆ, ಸೆಮಿಟೋನ್ ಅದರ ಅರ್ಧ. ಸದ್ಯಕ್ಕೆ ‘ಪ್ರಧಾನ ಸ್ವರಶ್ರೇಣಿ’, ‘ಪೂರ್ಣಸ್ವರ’, ‘ಅರ್ಧಸ್ವರ’ ಎಂದು ಹಾಕಿದ್ದೇನೆ. ‘ಅರ್ಧಸ್ವರ’ ಓದಿದ ನನ್ನ ಮಗಳು “ಅರ್ಧ ಹಾಡಿ ನಿಲ್ಲಿಸೋದಾ ಅಮ್ಮಾ?” ಅಂದಳು. ಆಗಿನಿಂದ ಆ ಪದದ ಮೇಲೆ ನನಗೇ ನಂಬಿಕೆ ಹೋಗಿದೆ. ದಯವಿಟ್ಟು ಬೇಗ ಹೇಳಿ.

*

ಬೆಂಗಳೂರಿನಿಂದ, ಮಂಗಳವಾರ

ಪದ ಹುಡುಕುವ ಅಗತ್ಯವೇ ಇಲ್ಲ. ಧೀರಶಂಕರಾಭರಣ, ಕರ್ನಾಟಕ ಸಂಗೀತದ 29ನೆಯ ಮೇಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಸಾಲು. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿಯಲ್ಲಿ ‘ಧೀ’ 9, ‘ರ’ 2, ತಿರುಗಿಸಿದರೆ 29. ಚತುಃಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಃಶ್ರುತಿ ಧೈವತ, ಕಾಕಲಿ ನಿಷಾದ: ನೀವು ಬರೆದ ಕ್ರಮ ಇದೇ. ಪೂರ್ವಾಂಗದ ಸರಿಗಮ, ಉತ್ತರಾಂಗದ ಪದನಿಸ ಎರಡೂ ಒಂದೇ ಅಚ್ಚಿನವು. ಮಧ್ಯಮದಿಂದ ಪಂಚಮಕ್ಕೆ ಒಂದು ಪೂರಾ ಹೆಜ್ಜೆ. ಮಕ್ಕಳಿಗೆ ಇಷ್ಟು ತೋರಿಸಿದರೆ ಏಳು ಅಂತರ ಉರು ಹೊಡೆಯಬೇಕಾಗಿಲ್ಲ, ನಾಲ್ಕು ಸ್ವರದ ಒಂದು ತುಂಡನ್ನು ಎರಡು ಸಲ ಇಟ್ಟರೆ ಆಯಿತು.

ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದಾಗ ಆ ನೋಟುಸ್ವರಗಳನ್ನು ಶಂಕರಾಭರಣದಲ್ಲೇ ಕೂಡಿಸಿದರು. ಎಂದೋ ತೀರ್ಮಾನವಾದ ಸಂಗತಿ ಇದು.

*

ಧಾರವಾಡದಿಂದ, ಮಂಗಳವಾರ ರಾತ್ರಿ

ಒಪ್ಪೂದಿಲ್ರಿ. ಶಂಕರಾಭರಣ ಅಂದ್ರ ಕೇಳವರಿಗೆ ರಾಗ. ಅದಕ್ಕ ಗಮಕ ಅದ, ಅಂದ್ರ ಸ್ವರದ ಓಲಾಟ, ನಡೆ ಅದ, ಎಲ್ಲಿ ನಿಲ್ಲಬೇಕು ಅನ್ನೂದದ. ಸ್ಕೇಲ್ ಅಂದ್ರ ಬರೇ ಸ್ವರಗಳ ಸಾಲು. ಹಂಗಾದ್ರ ಹಿಂದುಸ್ತಾನಿಯವರು ನಾವು ‘ಬಿಲಾವಲ್’ ಅಂತೀವಿ, ಭಾತಖಂಡೆಯವರ ಹತ್ತು ಥಾಟಿನೊಳಗ, ಅಂದ್ರ ಸ್ವರಸಾಲಿನೊಳಗ, ಎಲ್ಲಾ ಶುದ್ಧ ಸ್ವರ ಇರೂದು ಅದರಾಗೇ. ಶಾಲಿ ಗೋಡಿ ಮ್ಯಾಲೆ ಅದನ್ನ ಬರೀತೀರೇನು?

ಅಕ್ಕಾರ, ನಿಮ್ಮ ಮಗಳು ಹೇಳಿದ್ದು ಖರೇನ ಅದ. ಇಂಗ್ಲಿಷಿನ ‘ಟೋನ್’ ಒಂದೇ ಶಬ್ದ ನಾದಕ್ಕೂ ಬರತದ, ಎರಡು ನಾದದ ನಡುವಿನ ದೂರಕ್ಕೂ ಬರತದ. ನಮ್ಮ ‘ಸ್ವರ’ ದೂರಕ್ಕ ಬರೂದಿಲ್ಲ. ‘ಪೂರ್ಣ ಅಂತರ’, ‘ಅರ್ಧ ಅಂತರ’ ಮಾಡ್ರಿ.

*

ಬೆಂಗಳೂರಿನಿಂದ, ಮಂಗಳವಾರ ರಾತ್ರಿ

ನಾನು ಮೇಳ ಎಂದೆ, ರಾಗ ಎನ್ನಲಿಲ್ಲ. ಓದಿ ಉತ್ತರ ಬರೆಯಿರಿ.

‘ಅಂತರ’ ಆಗದು. ಅಂತರ ಗಾಂಧಾರ ಇದೇ ಮೇಳದಲ್ಲಿದೆ. ಒಂದೇ ಪಟದಲ್ಲಿ ಒಂದು ಪದ ಎರಡು ಕೆಲಸ ಮಾಡಿದರೆ ಮಗು ಯಾವುದನ್ನು ನಂಬಬೇಕು?

*

ಶಿವಮೊಗ್ಗದಿಂದ, ಬುಧವಾರ ಬೆಳಿಗ್ಗೆ

ಇಬ್ಬರೂ ಸಂಸ್ಕೃತದ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡುತ್ತಿದ್ದೀರಿ. ಮೊದಲು ಮೂಲ ಪದ ಏನು ಹೇಳುತ್ತದೆ ನೋಡಿ. ಲ್ಯಾಟಿನ್ನಿನ ‘ಸ್ಕಾಲಾ’ ಎಂದರೆ ಏಣಿ. ‘ಮಾಯೊರ್’ ಎಂದರೆ ಹೆಚ್ಚು ದೊಡ್ಡದು. ದೊಡ್ಡದು ಯಾವುದು? ಮೂರನೆಯ ಸ್ವರಕ್ಕಿರುವ ದೂರ: ಮೇಜರ್‌ನಲ್ಲಿ ನಾಲ್ಕು ಸೆಮಿಟೋನು, ಅದರ ಜೊತೆಗಾರ ಸ್ಕೇಲಾದ ಮೈನರ್‌ನಲ್ಲಿ ಮೂರು. ‘ಪ್ರಧಾನ’ ಎಂದು ಬರೆದರೆ ಮೈನರ್ ಗೌಣ ಎಂದಾಗುತ್ತದೆ. ಅದು ಪದದ ತಪ್ಪಷ್ಟೇ ಅಲ್ಲ, ಸಂಗೀತದ ತಪ್ಪು.

ಹಿರಿಯೇಣಿ, ಕಿರಿಯೇಣಿ. ಬಾಯಲ್ಲಿ ನಿಲ್ಲುತ್ತವೆ, ಅರ್ಥ ಸರಿಯಾಗಿದೆ, ಮಗುವಿಗೆ ಕಣ್ಣಿಗೆ ಕಾಣುತ್ತವೆ. ‘ಹಿರಿಸ್ವರಶ್ರೇಣಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ಪದ. ವ್ಯಾಕರಣಕಾರ ಕೇಶಿರಾಜ ಬೇಡ ಎಂದದ್ದನ್ನು ಶಾಲೆಯ ಗೋಡೆಗೆ ಅಂಟಿಸಬೇಡಿ. ಅಂಡಯ್ಯ ಹದಿಮೂರನೆಯ ಶತಮಾನದಲ್ಲೇ ತತ್ಸಮ ಬಿಟ್ಟು ಇಡೀ ಕಾವ್ಯ ಬರೆದ. ನಮ್ಮಿಂದ ಎರಡು ಪದ ಆಗದೇ?

*

ಬೆಂಗಳೂರಿನಿಂದ, ಬುಧವಾರ

‘ಏಣಿ’ಯೇ ‘ಶ್ರೇಣಿ’ಯ ತದ್ಭವ. ನಿಮ್ಮ ಅಚ್ಚಗನ್ನಡವೂ ಸಂಸ್ಕೃತದ ಮನೆಯದೇ.

*

ಧಾರವಾಡದಿಂದ, ಬುಧವಾರ ಮಧ್ಯಾಹ್ನ

ಇಲ್ಲಿ ಶಿವಮೊಗ್ಗದವರ ಪರ ನಿಲ್ಲತೇನಿ. ಸಂಸ್ಕೃತದ ‘ನಿಃಶ್ರೇಣಿ’ಯಿಂದ ಬಂದದ್ದು ‘ನಿಚ್ಚಣಿಕೆ’. ನಮ್ಮ ಕಡೆ ಮಾಳಿಗಿ ಹತ್ತಲಿಕ್ಕೆ ನಿಚ್ಚಣಕಿ ಹಚ್ಚತೀವಿ. ಕನ್ನಡಕ್ಕ ಆ ದಾರಿಯಿಂದ ಒಂದು ಶಬ್ದ ಬಂದದ. ‘ಏಣಿ’ ತಮಿಳಿನಾಗೂ ಮಲೆಯಾಳದಾಗೂ ‘ಏಣಿ’ನೇ ಅದ. ಅದನ್ನೂ ತದ್ಭವ ಮಾಡೂ ಜರೂರು ಏನದ?

ಆದ್ರ ಹಿರಿಯೇಣಿ ಯಾರೂ ಅನ್ನೂದಿಲ್ಲ. ಮಾಸ್ತರು ಅಂತಾರು ‘ಮೇಜರ್ ಸ್ಕೇಲ್ ನುಡಸು’ ಅಂತ, ಹುಡುಗ ಗೋಡಿ ನೋಡಿ ‘ಹಿರಿಯೇಣಿ ಯಾವುದು’ ಅಂತಾನ. ಪಿಟೀಲು ಎಲ್ಲಿಂದ ಬಂತು? ಫಿಡಲ್‌ನಿಂದ. ಚೌಡಯ್ಯನವರನ್ನ ಪಿಟೀಲು ಚೌಡಯ್ಯ ಅಂತ ಕರದ್ವಿ, ಕನ್ನಡ ಮೈಲಿಗಿ ಆತೇನು? ಹಾರ್ಮೋನಿಯಂ, ಬ್ಯಾಂಡು, ನೋಟುಸ್ವರ, ಎಲ್ಲಾ ಒಳಗ ಬಂದಾವು, ಮೇಜರ್ ಒಂದಕ್ಕ ಬಾಗಲ ಹಾಕಬ್ಯಾಡ್ರಿ.

*

ಶಿವಮೊಗ್ಗದಿಂದ, ಬುಧವಾರ

ಪಿಟೀಲು ಕನ್ನಡದ ಬಾಯಿಗೆ ಒಗ್ಗಿ, ರೂಪ ಬದಲಿಸಿ ಬಂತು. ‘ಮೇಜರ್’ ಹಾಗೇ ಬಂದು ಕೂತಿದೆ. ಎರಡೂ ಒಂದೇ ಅಲ್ಲ. ಈ ಉದಾರತೆಯಿಂದಲೇ ಇವತ್ತು ನಮ್ಮ ಮಕ್ಕಳಿಗೆ ಬಣ್ಣಗಳ ಹೆಸರೂ ಕನ್ನಡದಲ್ಲಿ ಬರುತ್ತಿಲ್ಲ.

*

ತುಮಕೂರಿನಿಂದ, ಬುಧವಾರ ರಾತ್ರಿ

ನಾನು ಇಲ್ಲಿ ಬರೆಯುವುದು ಕಡಿಮೆ. ನಮ್ಮ ತಂದೆ ಕಂಪನಿ ನಾಟಕದಲ್ಲಿ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದರು. ಪದ ಅಲ್ಲೇ ಇದೆ, ನೀವ್ಯಾರೂ ನೋಡಲಿಲ್ಲ.

ಹಾರ್ಮೋನಿಯಂ ಕಟ್ಟೆಗೆ, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗೆ, ನಾವು ‘ಮನೆ’ ಅನ್ನುತ್ತೇವೆ. ಬಿಳಿ ಮನೆ ಒಂದರಿಂದ ಏಳು. ನಡುವಿನ ಕಪ್ಪು ಮನೆಗೆ ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಮೂರೂವರೆ ಮನೆ ಶ್ರುತಿ ಅಂತ ಯಾವ ನಟನೂ ಕೇಳಿದ್ದಿಲ್ಲ, ಯಾಕೆಂದರೆ ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಇಲ್ಲ. ಏಳೂವರೆಯೂ ಇಲ್ಲ. ಮೇಡಂ ಅವರ ಎರಡು ಸೆಮಿಟೋನು ಅಲ್ಲೇ ಕೂತಿವೆ. ಒಂದನೇ ಮನೆಯಿಂದ ಹೊರಟರೆ ಬರೀ ಬಿಳಿ ಸಾಕು. ಎರಡನೇ ಮನೆಯನ್ನು ಷಡ್ಜ, ಅಂದರೆ ‘ಸ’, ಮಾಡಿದರೆ ಎರಡು, ಮೂರು, ನಾಲ್ಕೂವರೆ, ಐದು, ಆರು, ಏಳು, ಮೇಲಿನ ಒಂದೂವರೆ, ಎರಡು. ಕಪ್ಪು ಯಾಕೆ ಬಂತು ಅಂತ ಮಗು ತಾನೇ ಎಣಿಸಿ ಹೇಳುತ್ತದೆ.

ಟೋನ್ ಅಂದರೆ ‘ಒಂದು ಮನೆ ಬಿಟ್ಟು’. ಸೆಮಿಟೋನ್ ಅಂದರೆ ‘ಪಕ್ಕದ ಮನೆ’. ಕಪ್ಪು, ಬಿಳಿ ಎರಡನ್ನೂ ಸೇರಿಸಿ ಎಣಿಸಬೇಕು ಅಂತ ಒಂದು ಮಾತು ಹಾಕಿ, ಇಲ್ಲದಿದ್ದರೆ ಬಿಳಿ ಮಾತ್ರ ಎಣಿಸುತ್ತಾರೆ.

*

ಮೈಸೂರಿನಿಂದ, ಗುರುವಾರ ಮಧ್ಯಾಹ್ನ

ತುಮಕೂರಿನವರಿಗೆ ಕೈಮುಗಿದೆ. ಮಗಳ ಕೈಗೆ ಕೀಬೋರ್ಡು ಕೊಟ್ಟು ಈ ವಾಕ್ಯ ಓದಿಸಿದೆ. ಐದನೇ ಮನೆಯಿಂದ ಹೊರಟು ಕೊನೆಗೆ ನಾಲ್ಕೂವರೆಯ ಕಪ್ಪನ್ನು ತಾನೇ ಹುಡುಕಿಕೊಂಡಳು. ಅಚ್ಚಿಗೆ ಕಳಿಸಿದ್ದು ಹೀಗೆ:

“ಮೇಜರ್ ಸ್ಕೇಲ್ ಕಟ್ಟುವ ಬಗೆ. ಕಪ್ಪು, ಬಿಳಿ ಎಲ್ಲ ಮನೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಯಾವ ಮನೆಯಿಂದಲಾದರೂ ಹೊರಡಿ: ಒಂದು ಮನೆ ಬಿಟ್ಟು, ಒಂದು ಮನೆ ಬಿಟ್ಟು, ಪಕ್ಕದ ಮನೆ, ಒಂದು ಮನೆ ಬಿಟ್ಟು, ಒಂದು ಮನೆ ಬಿಟ್ಟು, ಒಂದು ಮನೆ ಬಿಟ್ಟು, ಪಕ್ಕದ ಮನೆ. ಶಂಕರಾಭರಣ ಮೇಳದ ಸ್ವರಸ್ಥಾನಗಳೂ ಇವೇ.”

‘ಹಿರಿಯೇಣಿ’ ಹಾಕಲಿಲ್ಲ. ಆದರೆ ‘ಪ್ರಧಾನ’ ತೆಗೆಸಿದ್ದು ಶಿವಮೊಗ್ಗದವರೇ. ಮೈನರ್ ಪಟ ಮುಂದಿನ ತಿಂಗಳು.

*

ಬೆಂಗಳೂರಿನಿಂದ, ಗುರುವಾರ ಸಂಜೆ

ಮೈನರ್‌ಗೆ ಒಂದು ಹೆಸರು ಸಾಲದು ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ನ್ಯಾಚುರಲ್ ಮೈನರ್ ನಮ್ಮ ನಠಭೈರವಿ, 20ನೆಯ ಮೇಳ. ಹಾರ್ಮೋನಿಕ್ ಕೀರವಾಣಿ, 21. ಮೆಲೋಡಿಕ್‌ನ ಆರೋಹಣ ಗೌರಿಮನೋಹರಿ, 23. ಅವರೋಹಣ ಮತ್ತೆ ನಠಭೈರವಿ. ಮೂರರಲ್ಲೂ ಸಾಧಾರಣ ಗಾಂಧಾರ, ಶಿವಮೊಗ್ಗದವರು ಹೇಳಿದ ಮೂರು ಸೆಮಿಟೋನು ಅದೇ. ಪಟದಲ್ಲಿ ಮೂರು ಸಾಲಿಗೆ ಜಾಗ ಬಿಡಿ.