ಝು ರೋಂಗ್‌ಜಿ: ಪರ್ಯಾಯ ಸದಸ್ಯ ನೇರ ಸ್ಥಾಯಿ ಸಮಿತಿಗೆ ಏರಿದ್ದು ಹೇಗೆ?

ಪೂರ್ವದಿಕ್ಕು (ಪ್ರಶ್ನೆ):
ಚೀನಾ ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕರ ಹಾದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ಕೌಂಟಿ, ಆಮೇಲೆ ನಗರ, ಪ್ರಾಂತ, ಕೊನೆಗೆ ಬೀಜಿಂಗ್. 1998ರಿಂದ 2003ರವರೆಗೆ ಪ್ರಧಾನಿಯಾಗಿದ್ದ ಝು ರೋಂಗ್‌ಜಿ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. 1958ರಲ್ಲಿ ‘ಬಲಪಂಥೀಯ’ ಎಂಬ ಹಣೆಪಟ್ಟಿ ಹಚ್ಚಿ ಪಕ್ಷದಿಂದ ಹೊರಹಾಕಿದ್ದರು. 1987ರ 13ನೇ ಮಹಾಧಿವೇಶನದಲ್ಲಿ ಕೇಂದ್ರ ಸಮಿತಿಯ ಪರ್ಯಾಯ (ಮತದ ಹಕ್ಕಿಲ್ಲದ) ಸದಸ್ಯ, ಅಷ್ಟೇ. 1992ರಲ್ಲಿ ನೋಡಿದರೆ ಪಕ್ಷದ ತುತ್ತತುದಿಯಾದ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಯ ಏಳು ಜನರಲ್ಲಿ ಒಬ್ಬರು! ‘ಆಗಿನ ಸರ್ವೋಚ್ಚ ನಾಯಕ ಡೆಂಗ್ ಷಿಯಾಪಿಂಗ್ ಕೃಪೆ’ ಎಂಬ ಒಂದು ಮಾತಿನಲ್ಲಿ ಇದು ಮುಗಿಯುತ್ತದೆಯೇ? ಯಾವ ಹುದ್ದೆಯಲ್ಲಿ ಏನು ಮಾಡಿದರು ಎಂದು ಬಲ್ಲವರು ಬಿಡಿಸಿ ಹೇಳಿ.

ಕಡತಕಟ್ಟೆ:
ಚೀನಾದ ಯಾವ ನಾಯಕನನ್ನು ಓದುವಾಗಲೂ ಪಕ್ಷದ ಸ್ಥಾನ ಬೇರೆ, ಸರ್ಕಾರಿ ಹುದ್ದೆ ಬೇರೆ ಎಂದು ಎರಡು ಕಾಲಂ ಹಾಕಿಕೊಳ್ಳಿ. ಝು ವಿಷಯದಲ್ಲಿ ಸರ್ಕಾರಿ ಕಾಲಂ ಬಹಳ ಮುಂದೆ ಓಡಿತ್ತು, ಪಕ್ಷದ ಕಾಲಂ ಹಿಂದೆ ಉಳಿದಿತ್ತು. ನೀವು ನೋಡಿದ ಜಿಗಿತ ಪಕ್ಷದ ಕಾಲಂನದ್ದು ಮಾತ್ರ.

1951ರಲ್ಲಿ ಛಿಂಗ್‌ಹುವಾ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಮರುವರ್ಷವೇ ರಾಜ್ಯ ಯೋಜನಾ ಆಯೋಗ. ಹೊರಹಾಕಿಸಿಕೊಂಡ ಮೇಲೂ ಯೋಜನಾ ಕೆಲಸದ ನಂಟು ಪೂರ್ತಿ ಹರಿಯಲಿಲ್ಲ. 1962ರ ನಂತರ ಅಲ್ಲೇ ಎಂಜಿನಿಯರ್. 1970ರಿಂದ 75ರವರೆಗೆ ಹಳ್ಳಿಯ ಕಾರ್ಯಕರ್ತ ಶಾಲೆಯಲ್ಲಿ ದೈಹಿಕ ದುಡಿಮೆ. 1978ರಲ್ಲಿ ಪಕ್ಷದ ಸದಸ್ಯತ್ವ ಮರಳಿತು. 1979ರಲ್ಲಿ ರಾಜ್ಯ ಆರ್ಥಿಕ ಆಯೋಗ ಸೇರಿ, 1983ರ ಹೊತ್ತಿಗೆ ಅದರ ಉಪಾಧ್ಯಕ್ಷ. ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿ, ಕರೆಂಟು, ಸಾಲ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ದಿನವೂ ಕಣ್ಣಿಗೆ ಬೀಳುವ ಜಾಗ ಅದು.

ಪ್ರಾಂತದ ಅನುಭವವಿಲ್ಲ ಎನ್ನುವಂತಿಲ್ಲ, ಏಕೆಂದರೆ ಶಾಂಘೈ ಪ್ರಾಂತಕ್ಕೆ ಸಮನಾದ ನಗರ. 1988ರಲ್ಲಿ ಮೇಯರ್ ಆದರು. ವಿದೇಶಿ ಹೂಡಿಕೆಯ ಅರ್ಜಿಗೆ ಆಗ ನೂರಕ್ಕೂ ಹೆಚ್ಚು ಮೊಹರು ಬೀಳಬೇಕಿತ್ತು. ಅನುಮತಿಯನ್ನೆಲ್ಲ ಒಂದೇ ಸಮಿತಿಗೆ ತಂದು ಒಂದು ಮೊಹರಿಗೆ ಇಳಿಸಿದರು. 1989ರ ಜೂನ್ 8ರಂದು, ಬೀಜಿಂಗ್‌ನಲ್ಲಿ ತಿಯನನ್‌ಮೆನ್ ಪ್ರತಿಭಟನೆಯ ಮೇಲೆ ಸೈನ್ಯ ಗುಂಡು ಹಾರಿಸಿದ ನಾಲ್ಕೇ ದಿನಕ್ಕೆ, ಶಾಂಘೈಗೆ ಸೈನ್ಯ ಕರೆಸುವ ಯೋಚನೆಯೇ ಇಲ್ಲವೆಂದು ಟಿವಿಯಲ್ಲಿ ಹೇಳಿದರು. ಆ ಮಾತು ಉಳಿಸಿಕೊಂಡರು. ಶಾಂಘೈ ಪಕ್ಷ ಕಾರ್ಯದರ್ಶಿಯಾಗಿದ್ದ ಜಿಯಾಂಗ್ ಜೆಮಿನ್ ಇಡೀ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಬೀಜಿಂಗ್‌ಗೆ ಹೋದಾಗ ಆ ಸ್ಥಾನವೂ ಝು ಅವರದಾಯಿತು. ಡೆಂಗ್ ಆ ವರ್ಷಗಳಲ್ಲಿ ಚೀನೀ ಹೊಸವರ್ಷಕ್ಕೆ ಶಾಂಘೈಗೇ ಬರುತ್ತಿದ್ದರು, ಝು ಕೆಲಸವನ್ನು ಕಣ್ಣಾರೆ ಕಂಡಿದ್ದರು. ಕೃಪೆ ಇದ್ದದ್ದು ಹೌದು, ಅದು ಕೆಲಸ ನೋಡಿ ಬಂದದ್ದು.

ಲೆಕ್ಕದಪುಸ್ತಕ:
ಕಡತಕಟ್ಟೆಯವರು ಹೇಳಿದ್ದಕ್ಕೆ 1991–92ನ್ನು ಸೇರಿಸಬೇಕು. 1991ರ ಏಪ್ರಿಲ್‌ನಲ್ಲಿ ಉಪಪ್ರಧಾನಿ. ಕೈಗೆ ಬಂದ ಮೊದಲ ಕೆಲಸ ‘ತ್ರಿಕೋನ ಸಾಲ’. ಉಕ್ಕಿನ ಕಾರ್ಖಾನೆಗೆ ಯಂತ್ರದವನು ಬಾಕಿ, ಗಣಿಗೆ ಉಕ್ಕಿನವನು ಬಾಕಿ, ಯಾರೂ ಯಾರಿಗೂ ಕೊಡುತ್ತಿಲ್ಲ. ಹಿಂದೆ ಬ್ಯಾಂಕ್ ದುಡ್ಡು ಸುರಿದಾಗಲೂ ಸಾಲ ಮತ್ತೆ ಬೆಳೆಯುತ್ತಿತ್ತು, ಏಕೆಂದರೆ ಬಾಕಿಯ ಸರಪಳಿ ಎಲ್ಲಿಂದ ಹೊರಟಿದೆ ಎಂದು ಯಾರೂ ಹುಡುಕಿರಲಿಲ್ಲ. ಝು ತಂಡ ಈಶಾನ್ಯ ಪ್ರಾಂತಗಳಲ್ಲಿ ಮೊದಲು ಪ್ರಯೋಗ ಮಾಡಿತು. ಹಣ ಹೊಂದಿಸದೆ ಶುರುಮಾಡಿದ ಕಟ್ಟಡ, ಕಾರ್ಖಾನೆ ಯೋಜನೆಗಳೇ ಮೂಲ ಎಂದು ಗೊತ್ತಾಯಿತು. ಸಾಲವನ್ನು ಅಲ್ಲೇ ಕೊಟ್ಟರೆ ಅದು ಸರಪಳಿಯುದ್ದಕ್ಕೂ ಹರಿದು, ಹಾಕಿದ 1 ಯುವಾನ್‌ಗೆ ಸುಮಾರು 4 ಯುವಾನ್ ಬಾಕಿ ತೀರಿತು. ಗಿರಾಕಿಯಿಲ್ಲದ ಮಾಲು ತಯಾರಿಸುವ ಕಾರ್ಖಾನೆಗಳಿಗೆ ಕಡಿವಾಣವನ್ನೂ ಜೊತೆಗೇ ಹಾಕಿದರು. ಇಲ್ಲವಾದರೆ ಗೋದಾಮು ತುಂಬಿ ಬಾಕಿ ಮತ್ತೆ ಹುಟ್ಟುತ್ತಿತ್ತು. ಸ್ಥಾಯಿ ಸಮಿತಿಗೆ ಹೋಗುವಾಗ ಇವರ ಬೆನ್ನಿಗಿದ್ದ ಸಾಧನೆ ಇದು.

1993ರ ಜುಲೈನಲ್ಲಿ ಉಪಪ್ರಧಾನಿಯಾಗಿದ್ದುಕೊಂಡೇ ಕೇಂದ್ರ ಬ್ಯಾಂಕಿನ ಗವರ್ನರ್ ಸ್ಥಾನವನ್ನೂ ವಹಿಸಿಕೊಂಡರು. ಬ್ಯಾಂಕುಗಳು ನಿಯಮ ಮೀರಿ ಪರಸ್ಪರ ಕೊಟ್ಟ ಸಾಲ ವಾಪಸ್ ತರಿಸಬೇಕು, ಬಡ್ಡಿ ಮನಬಂದಂತೆ ಏರಿಸಬಾರದು, ಬ್ಯಾಂಕುಗಳೇ ನಡೆಸುವ ಕಂಪನಿಗಳಿಗೆ ಹಣ ಹಾಕಬಾರದು. ಈ ಮೂರು ಕಟ್ಟಪ್ಪಣೆ ಮೊದಲ ತಿಂಗಳಲ್ಲೇ ಹೊರಬಿದ್ದವು. ಫಲ ತಕ್ಷಣ ಸಿಗಲಿಲ್ಲ. ಹಣದುಬ್ಬರ 1994ರಲ್ಲಿ ಶೇ. 24.1ಕ್ಕೆ ಏರಿ, ಆಮೇಲೆ ಇಳಿಯುತ್ತ 1997ಕ್ಕೆ ಶೇ. 2.8ಕ್ಕೆ ಬಂತು.

ಪೂರ್ವದಿಕ್ಕು:
ಇಬ್ಬರಿಗೂ ವಂದನೆ. ಕೇಂದ್ರ ಮತ್ತು ಪ್ರಾಂತಗಳ ನಡುವೆ ಝು 1994ರಲ್ಲಿ ತಂದ ಹೊಸ ತೆರಿಗೆ ಹಂಚಿಕೆಗೆ ಪ್ರಾಂತಗಳು ಒಪ್ಪಿದ್ದು ಹೇಗೆ? ಅವರ ಆದಾಯವೇ ಕೈತಪ್ಪುತ್ತಿತ್ತಲ್ಲ?

ಲೆಕ್ಕದಪುಸ್ತಕ:
ಬೀಜಿಂಗ್‌ನಲ್ಲಿ ಕೂತು ಆದೇಶ ಹೊರಡಿಸಿದ್ದರೆ ಒಪ್ಪುತ್ತಿರಲಿಲ್ಲ. 1993ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಧಿಕಾರಿಗಳ ದೊಡ್ಡ ತಂಡ ಕಟ್ಟಿಕೊಂಡು 17 ಪ್ರಾಂತಗಳಿಗೆ ಹೋಗಿ ಒಬ್ಬೊಬ್ಬರ ಜೊತೆ ಲೆಕ್ಕ ಹಾಕಿದರು. ಮೌಲ್ಯವರ್ಧಿತ ತೆರಿಗೆಯಲ್ಲಿ ಕೇಂದ್ರಕ್ಕೆ 75, ಪ್ರಾಂತಕ್ಕೆ 25. ಹೆಂಡ, ಸಿಗರೇಟಿನಂಥವುಗಳ ಮೇಲಿನ ಬಳಕೆ ತೆರಿಗೆ ಪೂರ್ತಿ ಕೇಂದ್ರಕ್ಕೆ. ಬದಲಿಗೆ ಹಳೆಯ ಆದಾಯ ಕಡಿಮೆಯಾಗದಂತೆ ತುಂಬಿಕೊಡುವ ಭರವಸೆ. ಜಗಳ ಹುಟ್ಟಿದ್ದು ‘ಹಳೆಯ ಆದಾಯ’ ಯಾವ ವರ್ಷದ್ದು ಎನ್ನುವುದರಲ್ಲಿ. ಗುವಾಂಗ್‌ಡಾಂಗ್ ಪ್ರಾಂತ 1992 ಬೇಡ, 1993 ಬೇಕು ಎಂದು ಪಟ್ಟುಹಿಡಿಯಿತು. ಝು ಒಪ್ಪಿಕೊಂಡರು. ಒಪ್ಪಿದ್ದೇ ತಡ, ವರ್ಷದ ಕೊನೆಯ ತಿಂಗಳುಗಳಲ್ಲಿ ಎಲ್ಲ ಪ್ರಾಂತಗಳೂ ಹಳೆ ಬಾಕಿಯನ್ನೆಲ್ಲ ವಸೂಲಿ ಮಾಡಿ 1993ರ ಲೆಕ್ಕ ಉಬ್ಬಿಸಿದವು! ಅಷ್ಟಾದರೂ ಒಟ್ಟು ವರಮಾನದಲ್ಲಿ ಕೇಂದ್ರದ ಪಾಲು 1993ರ ಶೇ. 22ರಿಂದ ಮರುವರ್ಷ ಶೇ. 55ರ ಮೇಲೆ ಹೋಯಿತು.

ಖರ್ಚಿನ ಹೊಣೆ ಮಾತ್ರ ಕೆಳಗಿನವರ ಮೇಲೆಯೇ ಉಳಿಯಿತು. ಶಾಲೆ, ಆಸ್ಪತ್ರೆ ನಡೆಸಬೇಕಾದ ಕೌಂಟಿಗಳು ಮುಂದೆ ಜಮೀನು ಮಾರಿ ದುಡ್ಡು ಹೊಂದಿಸುವ ಚಟಕ್ಕೆ ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಧಾನ್ಯಪೇಟೆ:
ಎಲ್ಲ ಸರಿ, ಅವರ ಸೋಲನ್ನೂ ಬರೆಯಿರಿ. 1998ರ ಧಾನ್ಯ ಖರೀದಿ ಸುಧಾರಣೆ ಅವರದೇ ಯೋಜನೆ. ರೈತರ ಹೆಚ್ಚುವರಿ ಧಾನ್ಯವನ್ನೆಲ್ಲ ಸರ್ಕಾರಿ ಉಗ್ರಾಣಗಳೇ ರಕ್ಷಣಾ ಬೆಲೆಗೆ (ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಗೆ) ಕೊಳ್ಳಬೇಕು, ನಷ್ಟವಿಲ್ಲದ ಬೆಲೆಗೇ ಮಾರಬೇಕು, ಖಾಸಗಿ ವರ್ತಕರು ರೈತರ ಹತ್ತಿರ ನೇರವಾಗಿ ಕೊಳ್ಳಕೂಡದು. ಪೇಟೆಯಲ್ಲಿ ಧಾನ್ಯ ಅಗ್ಗವಾಗಿದ್ದಾಗ ಉಗ್ರಾಣದ ದುಬಾರಿ ಧಾನ್ಯ ಯಾರು ಕೊಳ್ಳುತ್ತಾರೆ? ದಾಸ್ತಾನು ಬೆಳೆಯಿತು, ವರ್ತಕರು ಕದ್ದುಮುಚ್ಚಿ ಕೊಳ್ಳುತ್ತಲೇ ಇದ್ದರು, ನಷ್ಟವೆಲ್ಲ ಸರ್ಕಾರಿ ಬ್ಯಾಂಕಿನ ತಲೆಗೆ ಬಂತು. 2004ರಲ್ಲಿ ಖರೀದಿ ಪೇಟೆಯನ್ನು ಪೂರ್ತಿ ತೆರೆಯಬೇಕಾಯಿತು. ಹಣದ ಹರಿವನ್ನು ಮೇಲಿನಿಂದ ಹಿಡಿದು ಗೆದ್ದವರು ಬೆಲೆಯನ್ನೂ ಹಾಗೆಯೇ ಹಿಡಿಯಬಹುದೆಂದು ನಂಬಿದ್ದರು.

ಸರ್ಕಾರಿ ಕಾರ್ಖಾನೆಗಳಲ್ಲಿ ಕೆಲಸ ಕಳೆದುಕೊಂಡ ಕೋಟಿಗಟ್ಟಲೆ ಜನರನ್ನೂ ಮರೆಯಬೇಡಿ. ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ಚೀನಾ ಸೇರುವ ಒಪ್ಪಂದ ಮಾಡಿಕೊಂಡ ಪ್ರಧಾನಿ ಎಂದು ಬರೆಯುವವರು ಆ ಸಾಲನ್ನು ಬಿಟ್ಟುಬಿಡುತ್ತಾರೆ.

ಕಡತಕಟ್ಟೆ:
ಧಾನ್ಯದ ವಿಷಯ ಒಪ್ಪಿದೆ. ನಮ್ಮ ಕಡೆಯವರಿಗೆ ಒಂದು ಮಾತು: 2002ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಝು ಬೆಂಗಳೂರಿಗೂ ಬಂದು ಇನ್ಫೋಸಿಸ್ ನೋಡಿದರು. ಚೀನಾದ ಹಾರ್ಡ್‌ವೇರ್, ಭಾರತದ ಸಾಫ್ಟ್‌ವೇರ್ ಜೊತೆಯಾಗಬೇಕು ಎಂದು ಆಗ ಹೇಳಿದ್ದರು. ಡಬ್ಲ್ಯುಟಿಒಗೆ ಚೀನಾ ಸೇರಿ ಆಗಿನ್ನೂ ತಿಂಗಳು ಕಳೆದಿತ್ತಷ್ಟೆ. ಅವರ ಪ್ರಧಾನಿ ಅವಧಿ ಮುಗಿಯಲು ಒಂದು ವರ್ಷ ಉಳಿದಿತ್ತು.